ಓವನ್ ಇಲ್ಲ, ತುಪ್ಪ ಇಲ್ಲ: ಕೊಪ್ಪಳದ ಮಾಳಿಗೆ ಮೇಲೆ ವೀಗನ್ ಪಾರ್ಟಿ ಮಾಡಿದ್ದು ಹೀಗೆ

ಮೇ ತಿಂಗಳಲ್ಲಿ ಕೊಪ್ಪಳದಂಥ ಊರಲ್ಲಿ ಪಾರ್ಟಿ ಇಟ್ಟುಕೊಂಡವರು ಮೊದಲು ನೀರಿನ ಲೆಕ್ಕ ಹಾಕಬೇಕು. ಯಾವ ತಿಂಡಿಯೊಳಗೆ ಎಷ್ಟು ನೀರಿದೆ, ಅದು ಎಷ್ಟು ಹೊತ್ತಿಗೆ ಹೊರಗೆ ಬರುತ್ತದೆ, ಬಂದಾಗ ಪಕ್ಕದಲ್ಲಿರುವ ಗರಿಗರಿ ಪದಾರ್ಥದ ಗತಿ ಏನಾಗುತ್ತದೆ ಅನ್ನುವ ಲೆಕ್ಕ. ನಾನು ಮನೆಯಿಂದಲೇ ಚಟ್ನಿಪುಡಿ, ಉಂಡಿ ಮಾಡಿ ಮಾರುವವಳು. ಕೈಯಲ್ಲಿ ಹಿಡಿದು ಒಂದೇ ತುತ್ತಿಗೆ ತಿನ್ನುವ ತಿಂಡಿ ಕೆಡುವುದು ಹೆಚ್ಚಾಗಿ ನೀರಿನಿಂದಲೇ ಎಂದು ಕೆಲಸ ಮಾಡುತ್ತಲೇ ಕಲಿತೆ.

ಹೋದ ಬೇಸಿಗೆಯಲ್ಲಿ ಅಣ್ಣನ ಮಗ ಬೆಂಗಳೂರಿನ ಗೆಳೆಯರ ಜೊತೆ ಆನೆಗೊಂದಿ, ಹಂಪಿ ಸುತ್ತಲು ಬಂದಿದ್ದ. ಅವನ ಹುಟ್ಟುಹಬ್ಬವೂ ಅದೇ ವಾರ. ಮೊದಲೇ ಫೋನ್ ಮಾಡಿ ಹೇಳಿದ್ದ: "ಅತ್ತಿ, ಅದ್ರಾಗ ನಾಕೈದು ಮಂದಿ ವೀಗನ್ ಅದಾರ. ಹಾಲು, ಮೊಸರು, ಬೆಣ್ಣಿ, ತುಪ್ಪ, ಜೇನು ಏನೂ ತಿನ್ನಂಗಿಲ್ಲ. ಮಾಳಿಗಿ ಮ್ಯಾಲೆ ನಿಂತ್ಕೊಂಡು ಕೈಯಾಗ ಹಿಡಿದು ತಿನ್ನೋವಂಥದ್ದು ಏನರ ಮಾಡು ಸಾಕು." ಓಣಿಯ ನಾಲ್ಕು ಮನೆಯವರೂ ಸೇರಿ ಮೂವತ್ತು ಮಂದಿ ಆಗುತ್ತಾರೆಂದು ಅಂದಾಜು ಹಾಕಿದೆ.

ಅವ್ವನಿಗೆ ಇದು ಸರಿ ಕಾಣಲಿಲ್ಲ. "ಮನಿಗೆ ಬಂದೋರಿಗೆ ತುಪ್ಪ ಇಲ್ದ ಉಂಡಿ ಹೆಂಗ ಕೊಡ್ತೀಯವ್ವಾ? ಕಟ್ಟಾಕರ ಬರ್ತಾವೇನು?" ಎಂದಳು. ಅವಳ ಕಾಲದ ಲೆಕ್ಕದಲ್ಲಿ ತುಪ್ಪವೆಂದರೆ ಬಂದವರಿಗೆ ಕೊಡುವ ಮರ್ಯಾದೆ, ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಟ್ಟಲು ಬರುತ್ತಾವೋ ಇಲ್ಲವೋ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಶೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಆ ಎಣ್ಣೆಯನ್ನು ಸರಿಯಾದ ಹೊತ್ತಿಗೆ ಹೊರಗೆ ತಂದರೆ ತುಪ್ಪದ ಕೆಲಸ ಅದೇ ಮಾಡುತ್ತದೆ.

ಹಾಗಾಗಿ ಉಂಡಿಯಿಂದಲೇ ಶುರುಮಾಡಿದೆ. ಎರಡು ಬಟ್ಟಲು ಶೇಂಗಾವನ್ನು ಬೆಳಗಿನ ತಂಪಿನಲ್ಲಿ ಸಣ್ಣ ಉರಿಯಲ್ಲಿ ಹುರಿದುಕೊಂಡೆ. ಇದನ್ನು ಬಿಟ್ಟರೆ ಎಳ್ಳು, ಗುರೆಳ್ಳು ಹುರಿಯಲು ಮತ್ತು ಒಂದು ಪಾತ್ರೆ ನೀರು ಕುದಿಸಲು ಗ್ಯಾಸ್ ಹಚ್ಚಿದ್ದು ಅಷ್ಟೇ, ಓವನ್ ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಹುರಿಯಲೂ ಬೇಸರವಾದರೆ ಅಂಗಡಿಯ ಹುರಿದ ಶೇಂಗಾ ತರಬಹುದು, ಆದರೆ ಉಪ್ಪು ಹಾಕಿದ್ದು ಬೇಡ. ಶೇಂಗಾ ಪೂರ್ತಿ ಆರಿದ ಮೇಲೆ ಸಿಪ್ಪೆ ತಿಕ್ಕಿ, ಕೇರಿ, ಮಿಕ್ಸರ್‌ಗೆ ಹಾಕಬೇಕು. ಇಲ್ಲಿ ಕೈ ತಡೆದುಕೊಳ್ಳಬೇಕಾಗುತ್ತದೆ. ಒಂದೇ ಸಮನೆ ತಿರುಗಿಸಿದರೆ ಜಾರ್ ಬಿಸಿಯಾಗಿ, ಎಣ್ಣೆ ಒಮ್ಮೆಲೇ ಬಿಟ್ಟು ಮುದ್ದೆಯಾಗುತ್ತದೆ. ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿ ನಿಲ್ಲಿಸಿ, ನಡುವೆ ಚಮಚದಿಂದ ತಳ ಕೆದಕಬೇಕು. ಮೊದಲು ರವೆಯ ಹದ ಬರುತ್ತದೆ. ಸ್ವಲ್ಪ ಹೊತ್ತಿಗೆ ಪುಡಿ ಜಾರಿನ ಗೋಡೆಗೆ ಅಂಟಲು ಶುರುವಾಗುತ್ತದೆ, ಮುಷ್ಟಿಯಲ್ಲಿ ಹಿಡಿದರೆ ಬೆರಳಿನ ಗುರುತು ಅದರ ಮೇಲೆ ಉಳಿಯುತ್ತದೆ. ಅಲ್ಲಿಗೆ ಸಾಕು.

ಆಗ ಒಂದು ಬಟ್ಟಲು ಬೀಜ ತೆಗೆದ ಮೆತ್ತನೆ ಖರ್ಜೂರ, ಕಾಲು ಬಟ್ಟಲು ತುರಿದ ಒಣಕೊಬ್ಬರಿ, ಏಲಕ್ಕಿ ಪುಡಿ, ಒಂದು ಚಿಟಿಕೆ ಉಪ್ಪು ಹಾಕಿ ಎರಡು ಸುತ್ತು ತಿರುಗಿಸಿದೆ. ಬೆಲ್ಲವೂ ಆಗುತ್ತದೆ, ನಮ್ಮ ಕಡೆ ಶೇಂಗಾ ಉಂಡಿಗೆ ಬೆಲ್ಲವೇ ರೂಢಿ. ಆದರೆ ತುಪ್ಪವಿಲ್ಲದೆ, ಪಾಕವನ್ನೂ ಹಿಡಿಯದೆ ಕಟ್ಟುವಾಗ ಖರ್ಜೂರದ ಅಂಟು ಹೆಚ್ಚು ಭರವಸೆಯದು ಅನ್ನುವುದು ನನ್ನ ಅಭಿಪ್ರಾಯ. ಸಣ್ಣ ನಿಂಬೆಹಣ್ಣಿನ ಅಳತೆಗಿಂತ ದೊಡ್ಡದು ಕಟ್ಟಬೇಡಿ. ಒಂದೇ ಬಾಯಿಗೆ ಹೋಗದ ಉಂಡಿಯನ್ನು ಕಚ್ಚಿದಾಗ ಅರ್ಧ ಕೆಳಗೆ ಉದುರುತ್ತದೆ. ಕಟ್ಟಿದ ಉಂಡಿಗಳನ್ನು ಹುರಿದ ಬಿಳಿ ಎಳ್ಳಿನಲ್ಲಿ ಉರುಳಿಸಿದೆ. ಇದು ಬರೀ ಚೆಂದಕ್ಕೆ ಮಾಡಿದ್ದಲ್ಲ, ಎಳ್ಳು ಸುತ್ತಿದ್ದರೆ ಉಂಡಿ ಒಂದಕ್ಕೊಂದು ಅಂಟುವುದಿಲ್ಲ, ಕೈಗೂ ಜಿಡ್ಡು ಹತ್ತುವುದಿಲ್ಲ. ಅವ್ವ ಒಂದನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಒತ್ತಿ ನೋಡಿ, ಬಾಯಿಗೆ ಹಾಕಿಕೊಂಡು, "ಇದಕ್ಕ ಒಂದೀಟು ಗಸಗಸಿ ಬೇಕಿತ್ತು" ಎಂದಳು. ತುಪ್ಪದ ಮಾತು ಎತ್ತಲಿಲ್ಲ. ಮುಂದಿನ ಸಲದಿಂದ ಗಸಗಸೆ ಹಾಕುತ್ತಿದ್ದೇನೆ, ಅವಳ ಮಾತು ಸರಿಯೇ ಇತ್ತು.

ಖಾರದ ತಿಂಡಿಗೆ ಬ್ರೆಡ್ ಬದಲು ಖಡಕ್ ರೊಟ್ಟಿ ಆರಿಸಿಕೊಂಡೆ. ಅಂಗಡಿಯ ಬ್ರೆಡ್ಡಿನಲ್ಲಿ ಹಾಲಿನ ಪುಡಿಯೋ ಬೆಣ್ಣೆಯೋ ಇರುವ ಸಾಧ್ಯತೆ ಇದೆ. ಜೋಳದ ರೊಟ್ಟಿಯಲ್ಲಿ ಹಿಟ್ಟು ಮತ್ತು ನೀರು ಬಿಟ್ಟರೆ ಬೇರೆ ಏನಿದೆ? ಗವಿಮಠದ ಜಾತ್ರೆ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಬಂದ ರೊಟ್ಟಿ ರಾಶಿ ಬೀಳುವುದನ್ನು ನೋಡಿದವರಿಗೆ ಇದರ ಬಾಳಿಕೆ ಹೇಳಿಕೊಡಬೇಕಿಲ್ಲ. ತೇವ ಪೂರ್ತಿ ಹಾರಿಹೋಗಿರುವುದರಿಂದಲೇ ಅದು ಅಷ್ಟು ದಿನ ನಿಲ್ಲುತ್ತದೆ. ದೊಡ್ಡ ರೊಟ್ಟಿ ಮುರಿದರೆ ಚೂರು ಅಡ್ಡಾದಿಡ್ಡಿ ಆಗುತ್ತದೆ, ಅದರ ಮೇಲೆ ಏನೂ ನಿಲ್ಲುವುದಿಲ್ಲ. ಅದಕ್ಕೆ ನಾನು ರೊಟ್ಟಿ ತರುವ ಮನೆಯ ಅಕ್ಕನಿಗೆ ಪಾನಿಪುರಿಯ ಪುರಿಗಿಂತ ತುಸು ದೊಡ್ಡದಾಗಿ, ತೆಳ್ಳಗೆ ಬಡಿದುಕೊಡಲು ಹೇಳಿದೆ. ಅವರು ಒಂದು ದೊಡ್ಡ ರೊಟ್ಟಿ ಬಡಿದು, ಡಬ್ಬಿಯ ಮುಚ್ಚಳದಿಂದ ಬಿಲ್ಲೆ ಒತ್ತಿ ಹಂಚಿನ ಮೇಲೆ ಹಾಕಿದರು. ನನಗೆ ಹೊಳೆಯದ ಉಪಾಯ ಅದು. ಕೆಲವಕ್ಕೆ ಮೇಲೆ ಎಳ್ಳು ಒತ್ತಿ ಸಜ್ಜೆ ರೊಟ್ಟಿಯನ್ನೂ ಹಾಗೇ ಮಾಡಿಕೊಟ್ಟರು.

ರೊಟ್ಟಿ ಬಿಲ್ಲೆಯ ಮೇಲೆ ನೇರವಾಗಿ ತರಕಾರಿ ಇಟ್ಟರೆ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ನಡುವೆ ಜಿಡ್ಡಿನ ಒಂದು ಪದರ ಬೇಕು. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ, ಹುಣಸೆ, ಉಪ್ಪು, ಚೂರು ಬೆಲ್ಲ ಹಾಕಿ, ನೀರು ಎರಡೇ ಚಮಚ ಬಿಟ್ಟು ಗಟ್ಟಿಯಾಗಿ ರುಬ್ಬಿದ ಶೇಂಗಾ ಚಟ್ನಿಯೇ ಆ ಪದರ. ಅದರ ಎಣ್ಣೆ ಮೇಲಿನ ತೇವವನ್ನು ಬೇಗ ಕೆಳಗಿಳಿಯಲು ಬಿಡುವುದಿಲ್ಲ. ಚಟ್ನಿಯನ್ನು ಅಂಚಿನವರೆಗೂ ಸವರಬೇಕು, ನಡುವೆ ಒಂದು ಚುಕ್ಕೆ ಇಟ್ಟರೆ ಸಾಲದು. ಮೇಲೆ ಸಣ್ಣಗೆ ತುರಿದ ಗಜ್ಜರಿ, ಹೆಸರು ಮೊಳಕೆ, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಎರಡು ಕಾಳು ದಾಳಿಂಬೆ. ಕುಷ್ಟಗಿ ಕಡೆ ದಾಳಿಂಬೆ ತೋಟಗಳು ಬಹಳ, ನಮ್ಮ ಸಂತೆಯಲ್ಲಿ ಒಳ್ಳೆಯ ಹಣ್ಣಿಗೆ ಬರವಿಲ್ಲ. ಖಾರ ಚಟ್ನಿಯ ಮೇಲೆ ಆ ಕಾಳು ಒಡೆದಾಗ ಬರುವ ಹುಳಿಸಿಹಿಯಿಂದಲೇ ಆ ಸಂಜೆ ಈ ತಟ್ಟೆ ಮೊದಲು ಖಾಲಿಯಾಯಿತು ಎಂದು ನಾನು ನಂಬಿದ್ದೇನೆ.

ಗಜ್ಜರಿ ತುರಿಗೆ ಮೊದಲೇ ಉಪ್ಪು ಹಾಕಬೇಡಿ. ಉಪ್ಪು ತರಕಾರಿಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಚಟ್ನಿಯಲ್ಲಿರುವ ಉಪ್ಪೇ ಸಾಕು.

ಸವತೆಕಾಯಿಗೂ ಇದೇ ಮಾತು, ಇನ್ನೂ ಬಿಗಿಯಾಗಿ. ಎಳೆಯ ಸವತೆಕಾಯಿಯನ್ನು ಒಂದು ಇಂಚಿನಷ್ಟು ದಪ್ಪಗೆ ಕತ್ತರಿಸಿ, ಚಮಚದ ತುದಿಯಿಂದ ನಡುವಿನ ಬೀಜ ಕೆದರಿ ತೆಗೆದೆ, ತಳ ಮಾತ್ರ ಉಳಿಸಿ. ಸಣ್ಣ ಬಟ್ಟಲು ಸಿದ್ಧವಾಯಿತು. ಹೆಚ್ಚು ನೀರು ಇರುವುದು ಆ ಬೀಜದ ಭಾಗದಲ್ಲೇ. ಬಟ್ಟಲುಗಳನ್ನು ಸ್ವಚ್ಛ ಬಟ್ಟೆಯ ಮೇಲೆ ಬೋರಲು ಹಾಕಿ ಫ್ರಿಜ್‌ನಲ್ಲಿಟ್ಟೆ. ತುಂಬಲು ಹೆಸರುಬೇಳೆ ಕೋಸಂಬರಿ: ಒಂದು ತಾಸು ನೆನೆಸಿ, ನೀರು ಪೂರ್ತಿ ಬಸಿದ ಬೇಳೆ, ಹಸಿಮೆಣಸಿನಕಾಯಿ, ತುರಿದ ಮಾವಿನಕಾಯಿ, ಕೊತ್ತಂಬರಿ. ಮಾವಿನಕಾಯಿ ಹಾಕಿದ ಮೇಲೆ ನಿಂಬೆರಸ ಬೇಕಾಗುವುದಿಲ್ಲ, ಅಷ್ಟು ನೀರು ಕಡಿಮೆಯಾಯಿತು. ಹಸಿ ಕಾಯಿತುರಿ ಹಾಕುವ ರೂಢಿ ಇದೆ, ಬೇಸಿಗೆಯಲ್ಲಿ ಅದು ಬೇಗ ಹಳಸುತ್ತದೆ ಎಂದು ಬಿಟ್ಟೆ. ಸಾಸಿವೆ ಒಗ್ಗರಣೆಯನ್ನೂ ಬಿಟ್ಟು, ಹುರಿದು ಕುಟ್ಟಿದ ಗುರೆಳ್ಳು ಪುಡಿಯನ್ನು ಬಡಿಸುವ ಹೊತ್ತಿಗೆ ಮೇಲೆ ಉದುರಿಸಿದೆ. ಹಸಿರು ಬಟ್ಟಲಿನ ಮೇಲೆ ಕಪ್ಪು ಪುಡಿ ನೋಡಲೂ ಚೆಂದ, ವಾಸನೆಗಂತೂ ಗುರೆಳ್ಳಿಗೆ ಸಾಟಿಯಿಲ್ಲ.

ಬೆಂಗಳೂರಿನ ಹುಡುಗರು ಹುಡುಕಿಕೊಂಡು ಬಂದು ರೆಸಿಪಿ ಕೇಳಿದ್ದು ಮಾತ್ರ ಪುಟಾಣಿಯದು. ತರಕಾರಿ ಅದ್ದಿಕೊಂಡು ತಿನ್ನಲು ಮೊಸರಿನ ಡಿಪ್ ಮಾಡುವಂತಿಲ್ಲ, ಗೋಡಂಬಿ ರುಬ್ಬಿದರೆ ಮೂವತ್ತು ಮಂದಿಗೆ ಖರ್ಚು ದೊಡ್ಡದು. ಕಾಬೂಲಿ ಕಡಲೆಯಿಂದ ಹಮ್ಮಸ್ ಮಾಡೋಣವೆಂದರೆ ರಾತ್ರಿ ನೆನೆಸಿ, ಕುಕ್ಕರ್ ಕೂಗಿಸಬೇಕು. ಪುಟಾಣಿ ಮೊದಲೇ ಹುರಿದ ಕಡಲೆ, ಅದಕ್ಕೆ ಹಸಿ ವಾಸನೆ ಇಲ್ಲ, ಬೇಯಿಸುವ ಕೆಲಸವೂ ಇಲ್ಲ. ಒಂದು ಬಟ್ಟಲು ಪುಟಾಣಿ, ಮೂರು ಚಮಚ ಹುರಿದ ಬಿಳಿ ಎಳ್ಳು ಸೇರಿಸಿ ಮೊದಲು ಒಣದಾಗಿಯೇ ನುಣ್ಣಗೆ ಪುಡಿ ಮಾಡಿದೆ. ಆಮೇಲೆ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ನಿಂಬೆಹಣ್ಣಿನ ರಸ, ಉಪ್ಪು, ಜೀರಿಗೆ, ಎರಡು ಚಮಚ ಶೇಂಗಾ ಎಣ್ಣೆ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ರುಬ್ಬಿದೆ. ಪುಟಾಣಿ ಹಿಟ್ಟು ಕುಳಿತಂತೆ ನೀರು ಕುಡಿದು ಗಟ್ಟಿಯಾಗುತ್ತದೆ, ಆದ್ದರಿಂದ ಮಿಕ್ಸರ್‌ನಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ನಿಲ್ಲಿಸಿದರೆ ಅರ್ಧ ತಾಸಿನಲ್ಲಿ ಅದ್ದಿಕೊಳ್ಳುವ ಹದಕ್ಕೆ ತಾನೇ ಬರುತ್ತದೆ. ಹಸಿ ಕಡಲೆಹಿಟ್ಟು ಇದಕ್ಕೆ ನಡೆಯುವುದಿಲ್ಲ, ಬೇಯಿಸದೆ ತಿಂದರೆ ಹಸಿ ವಾಸನೆ ಬರುತ್ತದೆ. ಮೂಲಂಗಿ, ಗಜ್ಜರಿ, ಸವತೆಕಾಯಿಯನ್ನು ಬೆರಳುದ್ದ ಸೀಳಿ ಸುತ್ತಲೂ ನಿಲ್ಲಿಸಿದೆ. ಮುರಿದ ರೊಟ್ಟಿ ಚೂರುಗಳೂ ಇಲ್ಲಿ ಉಪಯೋಗಕ್ಕೆ ಬಂದವು.

ಮಂಡಕ್ಕಿ ಇಲ್ಲದೆ ನಮ್ಮ ಊರಲ್ಲಿ ನಾಲ್ಕು ಜನ ಸೇರಿದ ಲೆಕ್ಕವೇ ಅಲ್ಲ. ಪುಟಾಣಿ ಪುಡಿ, ಉಳ್ಳಾಗಡ್ಡಿ, ಖಾರ, ಶೇಂಗಾ, ನಿಂಬೆ, ಎಣ್ಣೆ. ಅದನ್ನು ಮೊದಲೇ ಕಲಸಿಡದೆ, ಓಣಿಯ ಒಬ್ಬ ಹುಡುಗನನ್ನು ಬೋಗುಣಿಯ ಮುಂದೆ ಕೂರಿಸಿದೆ. ಕೇಳಿದವರಿಗೆ ಆಗಲೇ ಕಲಸಿ, ಬಿಳಿ ಕಾಗದದ ಪೊಟ್ಟಣದಲ್ಲಿ ಹಾಕಿ ಕೊಟ್ಟ. ನ್ಯೂಸ್‌ಪೇಪರ್ ಪೊಟ್ಟಣ ಕಟ್ಟುವುದು ಬಿಡಿ, ಅದರ ಶಾಯಿ ಎಣ್ಣೆಯ ಜೊತೆ ತಿಂಡಿಗೆ ಇಳಿಯುತ್ತದೆ. ಮುತ್ತಲ ಎಲೆ ಸಿಕ್ಕರೆ ಇನ್ನೂ ಒಳ್ಳೆಯದು.

ಸಾಮಾನು ತರುವಾಗ ಎಚ್ಚರ ಬೇಕಾದ್ದು ಹಸಿರು ಚುಕ್ಕೆಯ ವಿಷಯದಲ್ಲಿ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ ಎಂದಷ್ಟೇ ಅರ್ಥ, ಹಾಲು, ಬೆಣ್ಣೆ, ಜೇನು ಅದರಲ್ಲಿ ಇರಬಹುದು. ವೀಗನ್ ಆಹಾರಕ್ಕೆಂದೇ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ 2022ರಲ್ಲಿ ಬೇರೆ ನಿಯಮ ತಂದಿದೆ, ಅದರ ಗುರುತು ಹಸಿರು ಬಣ್ಣದ ವಿ ಅಕ್ಷರ, ಮೇಲೊಂದು ಎಲೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಆ ಗುರುತಿನ ಪೊಟ್ಟಣ ಕಾಣುವುದು ಅಪರೂಪ. ಆದ್ದರಿಂದ ಹಿಂದಿನ ಸಣ್ಣ ಅಕ್ಷರ ಓದಲೇಬೇಕು: ಹಾಲಿನ ಘನಾಂಶ, ಹಾಲಿನ ಪುಡಿ, ಬೆಣ್ಣೆ, ತುಪ್ಪ. ಬಿಡಿಯಾಗಿ ಸಿಗುವ ಚಕ್ಕುಲಿ, ಚಿಕ್ಕಿಗೆ ಬೆಣ್ಣೆ ಅಥವಾ ತುಪ್ಪ ಹಾಕಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಬೇಕು. ತುಪ್ಪ ಹತ್ತಿದ ತಟ್ಟೆ, ಚಮಚ, ಮಿಕ್ಸರ್ ಜಾರನ್ನು ಹಿಂದಿನ ದಿನವೇ ಬಿಸಿನೀರಿನಲ್ಲಿ ತೊಳೆದಿಟ್ಟೆ. ನಂಬಿ ತಿನ್ನುವವರ ಮುಂದೆ ಇಷ್ಟು ಕೆಲಸ ಹೆಚ್ಚಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಹಾಲು ತುಪ್ಪ ಬಿಟ್ಟ ತಿಂಡಿ ಎಂದರೆ ಶೇಂಗಾ, ಎಳ್ಳು ಎಲ್ಲದರಲ್ಲೂ ನುಗ್ಗುತ್ತವೆ, ಇವೆರಡೂ ಕೆಲವರಿಗೆ ಜೋರಾದ ಅಲರ್ಜಿ ತರುತ್ತವೆ. ಬರುವವರನ್ನು ಮೊದಲೇ ಕೇಳಿ. ನಾನು ಕೋಸಂಬರಿ ಬಟ್ಟಲುಗಳ ಒಂದು ತಟ್ಟೆಯನ್ನು ಗುರೆಳ್ಳು ಸಹ ಉದುರಿಸದೆ, ಬೇರೆ ಚಾಕು, ಬೇರೆ ಮಣೆ ಬಳಸಿ ಬೇರೆಯೇ ಮಾಡಿ, ಬೇರೆ ಮೇಜಿನ ಮೇಲೆ ಇಟ್ಟಿದ್ದೆ. ಮೊಳಕೆಕಾಳನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಹಾಕಿ ತೆಗೆದು ಬಸಿದಿದ್ದೆ, ಬಸುರಿ ಹೆಣ್ಣುಮಗಳೊಬ್ಬಳು, ಸಣ್ಣ ಮಕ್ಕಳು ಇದ್ದರು. ಬೆಚ್ಚಗೆ, ತೇವದಲ್ಲಿ ಬೆಳೆಯುವ ಹಸಿ ಮೊಳಕೆಯಲ್ಲಿ ರೋಗಾಣುಗಳೂ ಬೇಗ ಬೆಳೆಯುತ್ತವೆ. ಸೂರ್ಯ ಮುಳುಗಿದ ಮೇಲೂ ನಮ್ಮ ಮಾಳಿಗೆಯ ಕಲ್ಲು ಕಾದೇ ಇರುತ್ತದೆ. 32 ಡಿಗ್ರಿ ದಾಟಿದ ಬಿಸಿಯಲ್ಲಿ ಹೆಚ್ಚಿದ ತರಕಾರಿ, ನೆನೆಸಿದ ಬೇಳೆ, ರುಬ್ಬಿದ ಡಿಪ್ ಒಂದು ತಾಸಿಗಿಂತ ಹೆಚ್ಚು ಹೊರಗೆ ಇರಬಾರದು. ಅದಕ್ಕೆ ಎಲ್ಲವನ್ನೂ ಒಮ್ಮೆಲೇ ಹರಡದೆ, ಸಣ್ಣ ಸಣ್ಣ ತಟ್ಟೆಗಳಲ್ಲಿ ಕಂತು ಕಂತಾಗಿ ಮೇಲೆ ಕಳಿಸಿದೆ. ಒಬ್ಬರಿಗೆ ಎಂಟ್ಹತ್ತು ತುಂಡು ಎಂದು ಹಿಡಿದಿದ್ದೆ, ಮಂಡಕ್ಕಿ ಬಿಟ್ಟು. ಅಳತೆ ಸರಿಹೋಯಿತು.

ಕೆಲಸದ ಹಂಚಿಕೆ ಹೀಗಿತ್ತು: ಹಿಂದಿನ ದಿನ ಉಂಡಿ ಮತ್ತು ಗುರೆಳ್ಳು ಪುಡಿ. ಆ ದಿನ ಮಧ್ಯಾಹ್ನ ಶೇಂಗಾ ಚಟ್ನಿ ಮತ್ತು ಪುಟಾಣಿ ಡಿಪ್, ಎರಡೂ ಫ್ರಿಜ್‌ಗೆ. ತರಕಾರಿ ಹೆಚ್ಚಿದ್ದು ನಾಲ್ಕು ಗಂಟೆಯ ನಂತರ. ರೊಟ್ಟಿ ಬಿಲ್ಲೆಗೆ ಚಟ್ನಿ ಸವರಿದ್ದು ಮಂದಿ ಮೆಟ್ಟಿಲು ಹತ್ತುವ ಸದ್ದು ಕೇಳಿದ ಮೇಲೆ, ನಾನು ಮತ್ತು ನಾದಿನಿ ಎದುರುಬದುರು ಕೂತು. ಅವಳು ಸವರಿದಳು, ನಾನು ಮೇಲೆ ಜೋಡಿಸಿದೆ. ಫ್ರಿಜ್‌ನಲ್ಲೇ ಉಳಿದಿದ್ದ ಡಿಪ್‌ಗೆ ಮರುದಿನ ಬೆಳಿಗ್ಗೆ ನೀರು, ಹಸಿಖಾರ ಸೇರಿಸಿ ರೊಟ್ಟಿ ಜೊತೆ ಮುಗಿಸಿದೆವು. ಉಂಡಿ ಗಾಳಿಯಾಡದ ಡಬ್ಬಿಯಲ್ಲಿ ವಾರದ ತನಕ ಚೆನ್ನಾಗಿರುತ್ತವೆ, ಖರ್ಜೂರ ತೀರಾ ಹಸಿಯಾಗಿದ್ದರೆ ಫ್ರಿಜ್‌ನಲ್ಲಿಡಿ.