ಸವೆದ ಹಲ್ಲು, ಇಳಿದ ಪೊಟ್ಯಾಸಿಯಂ: ನನ್ನ ಅನುಭವ

ಮೇಲಿನ ಮುಂಬಲ್ಲುಗಳ ಒಳಬದಿ ನುಣ್ಣಗೆ ಸವೆದಿರುವುದನ್ನು ಕಂಡರೆ ನಾವು ದಂತವೈದ್ಯರು ‘ಅಸಿಡಿಟಿ’ ಎಂದು ಬರೆದು ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗು) ಹಾಕಿ ಕಳಿಸುತ್ತೇವೆ. ನಾನೂ ಏಳೆಂಟು ವರ್ಷ ಅದನ್ನೇ ಮಾಡಿದೆ. ಮೈಸೂರಿನ ನನ್ನ ಕ್ಲಿನಿಕ್ಕಿಗೆ ಬಂದ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಆರು ಹಲ್ಲುಗಳಿಗೆ ಹಾಕಿದ ಫಿಲ್ಲಿಂಗು ಐದು ತಿಂಗಳೊಳಗೆ ಅಂಚು ಬಿಟ್ಟು ಉದುರಿತು. ಎರಡನೆಯ ಸಲ ಹಣ ಕೇಳಲು ಮುಖವಿಲ್ಲದೆ ಪುಕ್ಕಟೆಯಾಗಿ ಹಾಕಿಕೊಟ್ಟೆ, ಅದೂ ಉಳಿಯಲಿಲ್ಲ. ಸುಮಾರು ಹನ್ನೆರಡು ಸಾವಿರ ರೂಪಾಯಿ ಕೈಬಿಟ್ಟಿತು. ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ. ತೂಕ ಸರಿಯಾಗಿಯೇ ಇದ್ದುದರಿಂದ ಬುಲಿಮಿಯಾ, ಅಂದರೆ ಅತಿಯಾಗಿ ತಿಂದು ಬೇಕೆಂದೇ ವಾಂತಿ ಮಾಡಿಕೊಳ್ಳುವ ಮನೋರೋಗ, ಎಂಬ ಅನುಮಾನ ಯಾರಿಗೂ ಬರಲಿಲ್ಲ. ವಾಂತಿಯ ಆಮ್ಲವೇ ಹಲ್ಲಿನ ಒಳಬದಿಯನ್ನು ಸವೆಸುತ್ತದೆ. ಆ ಕಾಯಿಲೆಯಲ್ಲಿ ತೂಕ ಇಳಿಯಲೇಬೇಕೆಂದೇನೂ ಇಲ್ಲವೆಂಬುದು ನನಗೆ ತಡವಾಗಿ ತಿಳಿಯಿತು.

ಮೂರನೆಯ ಸಲ ಬಂದಾಗ ಹಲ್ಲನ್ನು ಬಿಟ್ಟು ಮುಖ ನೋಡಿದೆ. ಕಿವಿಯ ಕೆಳಗೆ ಎರಡೂ ಕಡೆ ಮಂಗನಬಾವಿನಂಥ, ಆದರೆ ನೋವಿಲ್ಲದ ಊತವಿತ್ತು. ಬಲಗೈಯ ಗೆಣ್ಣುಗಳ ಮೇಲೆ ಹಳೆಯ ಗಾಯದ ಕಲೆಗಳಿದ್ದವು. ವಾಂತಿಗಾಗಿ ಗಂಟಲಿಗೆ ಬೆರಳು ಹಾಕುವಾಗ ಹಲ್ಲು ತಗುಲಿ ಆಗುವ ಕಲೆಗಳಿವು; 1979ರಲ್ಲಿ ಬುಲಿಮಿಯಾವನ್ನು ವಿವರಿಸಿದ ಮನೋವೈದ್ಯ ಜೆರಾಲ್ಡ್ ರಸೆಲ್ ಅವರ ಹೆಸರಿನಿಂದಲೇ ನಾವು ಕರೆಯುವ ಚಿಹ್ನೆಯದು. ತಾಯಿಯನ್ನು ಹೊರಗೆ ಕೂರಿಸಿ ಮಾತನಾಡಿದೆ. ‘ವಾಂತಿ ಮಾಡಿಕೊಳ್ಳುತ್ತೀಯಾ’ ಎಂದು ನೇರವಾಗಿ ಕೇಳಿದರೆ ‘ಇಲ್ಲ’ ಎಂಬುದೇ ಉತ್ತರ. ನಾನು ಹೇಗೆ ಕೇಳಿದೆನೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಪದೇಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ; ಅಂದೇ ಎಲೆಕ್ಟ್ರೊಲೈಟ್ (ರಕ್ತದ ಲವಣಗಳ) ಪರೀಕ್ಷೆ ಬರೆದುಕೊಟ್ಟೆ. ‘ಹಲ್ಲಿನ ಡಾಕ್ಟರಿಗೆ ಪೊಟ್ಯಾಸಿಯಂ ಯಾಕೆ ಸಾರ್?’ ಎಂದು ಲ್ಯಾಬಿನ ಹುಡುಗ ಕೇಳಿದ; ಗೆಳೆಯರೂ ನಕ್ಕರು. ಲೀಟರಿಗೆ ಕನಿಷ್ಠ 3.5 ಮಿಲಿಮೋಲ್ ಇರಬೇಕಾದ ಪೊಟ್ಯಾಸಿಯಂ 2.8ರ ಆಸುಪಾಸಿನಲ್ಲಿತ್ತು. ಹೃದಯದ ಬಡಿತವೇ ತಾಳ ತಪ್ಪಬಹುದಾದ ಮಟ್ಟವದು. ಫಿಸಿಷಿಯನ್ ಇಸಿಜಿ ತೆಗೆಸಿ ಆ ರಾತ್ರಿಯೇ ದಾಖಲು ಮಾಡಿಕೊಂಡರು. ಆಮೇಲೆ ಯಾರೂ ನಗಲಿಲ್ಲ.

ಅಂದಿನಿಂದ ಇಂಥವರಿಗೆ ನಾನು ಮೊದಲು ಫಿಲ್ಲಿಂಗು ಹಾಕುವುದಿಲ್ಲ. ಜುಮ್ಮೆನ್ನದಂತೆ ಫ್ಲೋರೈಡ್ ವಾರ್ನಿಷ್ ಹಚ್ಚಿ, ವಾಂತಿಯಾದ ಕೂಡಲೇ ಬ್ರಷ್ ಮಾಡದೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿ, ಮನೋವೈದ್ಯರಿಗೆ ನಾನೇ ಫೋನು ಮಾಡುತ್ತೇನೆ. ಬರೀ ಚೀಟಿ ಕೊಟ್ಟು ಕಳಿಸಿದ ಇಬ್ಬರು ಅಲ್ಲಿಗೆ ಹೋಗಲೇ ಇಲ್ಲ. ಮತ್ತೊಬ್ಬಳ ವಿಷಯವನ್ನು ಆಕೆಯನ್ನು ಕೇಳದೆ ಮನೆಯವರಿಗೆ ಹೇಳಿಬಿಟ್ಟೆ. ಆಕೆ ಮತ್ತೆ ಬರಲಿಲ್ಲ, ಆ ತಪ್ಪು ನನ್ನದೇ. ಮೂರು ತಿಂಗಳಿಗೊಮ್ಮೆ ಪ್ಲಾಸ್ಟರ್ ಅಚ್ಚು ತೆಗೆದು, ಹಳೆಯ ಸಿಲಿಕೋನ್ ಅಚ್ಚನ್ನು ಅದರ ಮೇಲಿಟ್ಟು, ನಡುವಿನ ಸಂದಿಯಿಂದ ಸವೆತ ಅಳೆಯುವ ಪ್ರಯೋಗವನ್ನೂ ಮಾಡಿದೆ. ಅಳತೆ ಕರಾರುವಾಕ್ಕಲ್ಲ, ಆದರೆ ಸವೆತ ನಿಂತಿದೆಯೇ ಎಂಬುದು ತಿಳಿಯುತ್ತದೆ. ಹೀಗೆ ಅನುಮಾನಿಸಿದ ಹತ್ತು ಹನ್ನೊಂದು ಜನರಲ್ಲಿ ಒಬ್ಬರದು ಬರೀ ನಿಂಬೆರಸದ ಚಟ. ಅವರ ಹಲ್ಲು ಹೊರಬದಿಯಲ್ಲಿ ಸವೆದಿತ್ತು.

ಆ ಮೊದಲ ವಿದ್ಯಾರ್ಥಿನಿಗೆ ಫಿಲ್ಲಿಂಗು ಹಾಕಿದ್ದು ಹದಿನಾಲ್ಕು ತಿಂಗಳ ನಂತರ, ಅಚ್ಚಿನಲ್ಲಿ ಸವೆತ ನಿಂತಾಗ. ಮೂರು ವರ್ಷವಾದರೂ ಆರೂ ಗಟ್ಟಿಯಾಗಿವೆ. ಈ ಸಲ ಹಣವನ್ನೂ ಪೂರ್ತಿ ತೆಗೆದುಕೊಂಡೆ.