ಶಾಸನಪಾಠದ ಎಕ್ಸ್‌ಎಂಎಲ್ ಕಡತ: ತಿದ್ದುವುದು, ಪರಿಶೀಲಿಸುವುದು ಹೇಗೆ?

ಶಾಸನಗಳ ಪಾಠವನ್ನು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಹಳಗನ್ನಡ ಚೆನ್ನಾಗಿ ಬರುತ್ತದೆ, ಲಿಪಿಯ ಪರಿಚಯವೂ ಇರುತ್ತದೆ. ಪಾಠವನ್ನು ಎಕ್ಸ್‌ಎಂಎಲ್ ಕಡತದಲ್ಲಿ, ಅಂದರೆ ಪಠ್ಯದ ಯಾವ ಭಾಗ ಏನೆಂಬುದನ್ನು ಕೋನಾವರಣದೊಳಗಿನ ‘ಟ್ಯಾಗು’ಗಳಿಂದ ಗುರುತಿಸುವ ಕಡತದಲ್ಲಿ ಬರೆಯುತ್ತೇವೆ. ಕಷ್ಟ ಶುರುವಾಗುವುದು ಅದರ ತಪ್ಪುಗಳನ್ನು ಹುಡುಕುವ ಪರಿಶೀಲನೆಯ ಗುಂಡಿ ಒತ್ತಿದ ಮೇಲೆ. ಪರದೆಯ ಕೆಳಭಾಗದಲ್ಲಿ ಹತ್ತಾರು ದೋಷಸೂಚನೆಗಳು ಒಟ್ಟಿಗೆ ಮೂಡಿದ ಕೂಡಲೇ ಗಾಬರಿಯಾಗಿ, ಕಂಡಕಂಡ ಟ್ಯಾಗುಗಳನ್ನು ಅಳಿಸಿ, ಕೊನೆಗೆ ಸೂಚನೆಗಳು ಮಾಯವಾದರೆ ಸಾಕು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಹೀಗೆ ‘ಸರಿಪಡಿಸಿದ’ ಕಡತದಲ್ಲಿ ಕಲ್ಲಿನ ಮೇಲೆ ಅಳಿಸಿಹೋದ ಅಕ್ಷರ ಯಾವುದು, ಸಂಪಾದಕರು ಊಹಿಸಿ ತುಂಬಿದ ಅಕ್ಷರ ಯಾವುದು ಎಂಬ ಗುರುತೇ ಉಳಿದಿರುವುದಿಲ್ಲ. ಈ ಅನಾಹುತವನ್ನು ಹಲವು ಬಾರಿ ಕಣ್ಣಾರೆ ಕಂಡ ಮೇಲೆ ಈ ಲೇಖನ ಬರೆಯುತ್ತಿದ್ದೇನೆ.

ಶಾಸನಗಳಿಗೆ ಇಂದು ಬಳಕೆಯಲ್ಲಿರುವ ಪದ್ಧತಿಯ ಹೆಸರು ಎಪಿಡಾಕ್. ಗ್ರೀಕ್ ಮತ್ತು ಲ್ಯಾಟಿನ್ ಶಾಸನಗಳಿಗಾಗಿ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇದು, 1987ರಲ್ಲಿ ಆರಂಭವಾದ ಟಿಇಐ ಎಂಬ ಪಠ್ಯ ಗುರುತಿಸುವ ಪದ್ಧತಿಯ ಒಂದು ಕವಲು. ಬಿ. ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಅಚ್ಚಾದ ಪಾಠವಾಗಲಿ, ಹೊಲದ ಬದುವಿನಲ್ಲಿ ಹೊಸದಾಗಿ ಸಿಕ್ಕ ವೀರಗಲ್ಲಿನ ಪಾಠವಾಗಲಿ, ಇದರಲ್ಲಿ ಚೆನ್ನಾಗಿಯೇ ಕೂರುತ್ತದೆ.

ಮೊದಲ ಹೆಜ್ಜೆ ಉಪಕರಣದ ಆಯ್ಕೆ. ಹೊಸಬರಿಗೆ ನಾನು ಹೇಳುವುದು ‘ಎಕ್ಸ್‌ಎಂಎಲ್ ಕಾಪಿ ಎಡಿಟರ್’. ಇದು ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ಹಳೆಯ ಲ್ಯಾಪ್‌ಟಾಪಿನಲ್ಲೂ ಹಗುರವಾಗಿ ಓಡುತ್ತದೆ. ಟಿಇಐ ಪದ್ಧತಿಗೆ ಬೇಕಾದ ಬೆಂಬಲ ಇದರಲ್ಲೇ ಅಡಕವಾಗಿದೆ. ಉಬುಂಟು ಅಥವಾ ಡೆಬಿಯನ್ ಬಳಸುವವರು ತಮ್ಮ ತಂತ್ರಾಂಶ ಭಂಡಾರದಿಂದಲೇ ಪಡೆಯಬಹುದು. ವಿಂಡೋಸ್ ಬಳಸುವವರು ಸೋರ್ಸ್‌ಫೋರ್ಜ್‌ನಲ್ಲಿರುವ ಯೋಜನೆಯ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಬೇಕು, ‘ಉಚಿತ ಡೌನ್‌ಲೋಡ್’ ಎಂದು ಕರೆಯುವ ಬೇರೆ ಪುಟಗಳಿಂದ ಅಲ್ಲ. ವರ್ಡ್‌ನಂಥ ಬರವಣಿಗೆಯ ತಂತ್ರಾಂಶದಲ್ಲಿ ಮಾತ್ರ ಟ್ಯಾಗುಗಳನ್ನು ಎಂದೂ ಟೈಪಿಸಬೇಡಿ. ಅದು ನೇರ ಉದ್ಧರಣ ಚಿಹ್ನೆಗಳನ್ನು ಅಂದವಾದ ಬಾಗಿದ ಚಿಹ್ನೆಗಳಾಗಿ ತಾನಾಗಿಯೇ ಬದಲಿಸುತ್ತದೆ. ಎಕ್ಸ್‌ಎಂಎಲ್ ಟ್ಯಾಗುಗಳಲ್ಲಿ ನೇರ ಚಿಹ್ನೆಗಳ ಬದಲಿಗೆ ಅವನ್ನು ಒಪ್ಪುವುದಿಲ್ಲ.

ಎರಡನೆಯದು ಪಠ್ಯದ ಶುದ್ಧಿ. ಕನ್ನಡದವರು ಅತಿ ಹೆಚ್ಚು ಮುಗ್ಗರಿಸುವುದು ಇಲ್ಲಿ. ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಾದ ಪಾಠ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಅದು ಲ್ಯಾಟಿನ್ ಅಕ್ಷರಗಳ ಸರಮಾಲೆ. ಅದನ್ನು ಹಾಗೆಯೇ ಕಡತಕ್ಕೆ ಅಂಟಿಸಿದಾಗ ಎರಡರಲ್ಲಿ ಒಂದು ಆಗುತ್ತದೆ. ಕಡತ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ರೀತಿ) ಎಂದು ಘೋಷಿಸಿಕೊಂಡು ಒಳಗಿನ ಬೈಟುಗಳು ಹಾಗಿಲ್ಲದಿದ್ದರೆ ಪರಿಶೀಲಕ ಮೊದಲ ತಪ್ಪು ಬೈಟಿನಲ್ಲೇ ನಿಂತುಬಿಡುತ್ತದೆ, ಇದು ಪುಣ್ಯ. ಅದೇ ಲ್ಯಾಟಿನ್ ಸರಮಾಲೆ ಯುಟಿಎಫ್-8 ಆಗಿಯೇ ಉಳಿದುಕೊಂಡರೆ ಪರಿಶೀಲಕ ತಕರಾರು ಎತ್ತದೆ ‘ಸಿಂಧು’ ಎಂದು ಹೇಳಿಬಿಡುತ್ತದೆ, ಮುಂದೆ ‘ಗಾವುಂಡ’ ಎಂದು ಹುಡುಕಿದವರಿಗೆ ಆ ಕಡತ ಎಂದೆಂದಿಗೂ ಸಿಗುವುದಿಲ್ಲ. ಆದ್ದರಿಂದ ಪಠ್ಯವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಾದ ಮೇಲೆ ಮೂಲದೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ‘ಱ’ ಮತ್ತು ‘ೞ’ ಅಕ್ಷರಗಳು ‘ರ’ ಮತ್ತು ‘ಳ’ ಆಗಿಬಿಟ್ಟಿದ್ದರೆ ಅದನ್ನು ಹಿಡಿಯಬಲ್ಲದ್ದು ನಿಮ್ಮ ಕಣ್ಣು ಮಾತ್ರ.

ಇದೇ ಹಂತದಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಬ್ಯಾಂಕ್‌ನಲ್ಲಿ’ ಎಂಬಂತಹ ಪದಗಳಲ್ಲಿ ಒತ್ತಕ್ಷರ ಕೂಡದಂತೆ ತಡೆಯಲು ನಾವು ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರವೊಂದನ್ನು ಬಳಸುತ್ತೇವೆ. ಪಠ್ಯದೊಳಗೆ ಅದರಿಂದ ತೊಂದರೆಯಿಲ್ಲ. ಆದರೆ ಟ್ಯಾಗಿನ ಹೆಸರಿನಲ್ಲೋ, ಕಡತದ ಒಂದು ಭಾಗವನ್ನು ಇನ್ನೊಂದು ಕಡೆಯಿಂದ ಸೂಚಿಸಲು ಕೊಡುವ ಗುರುತುಸಂಖ್ಯೆಯಲ್ಲೋ ಅದು ಸೇರಿಕೊಂಡರೆ ಒಂದು ಪರಿಶೀಲಕ ಒಪ್ಪಿದ ಕಡತವನ್ನು ಇನ್ನೊಂದು ತಿರಸ್ಕರಿಸುತ್ತದೆ. ಏಕೆಂದರೆ ಎಕ್ಸ್‌ಎಂಎಲ್ 1.0ರ ಹಳೆಯ ಆವೃತ್ತಿಗಳು ಹೆಸರುಗಳಲ್ಲಿ ಆ ಅಕ್ಷರವನ್ನು ಬಿಡುತ್ತಿರಲಿಲ್ಲ, 2008ರ ಐದನೆಯ ಆವೃತ್ತಿ ಬಿಡುತ್ತದೆ, ಎಲ್ಲ ಉಪಕರಣಗಳೂ ಹೊಸ ಆವೃತ್ತಿಗೆ ಬಂದಿಲ್ಲ. ಒಂದೇ ಊರಿನ ಹೆಸರನ್ನು ಒಬ್ಬರು ಈ ಅಕ್ಷರದೊಂದಿಗೆ, ಇನ್ನೊಬ್ಬರು ಇಲ್ಲದೆ ಟೈಪಿಸಿದ್ದರಿಂದ, ಕಣ್ಣಿಗೆ ಒಂದೇ ಆಗಿ ಕಂಡ ಎರಡು ಗುರುತುಗಳು ಪರಸ್ಪರ ಕೂಡದೆ ನನ್ನ ಒಂದು ಇಡೀ ಮಧ್ಯಾಹ್ನ ಹೋಯಿತು. ಅಂದಿನಿಂದ ಗುರುತುಸಂಖ್ಯೆಗಳನ್ನು ಲ್ಯಾಟಿನ್ ಅಕ್ಷರ ಮತ್ತು ಅಂಕಿಗಳಲ್ಲೇ ಬರೆಯಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ. ನೀವೂ ಹಾಗೆಯೇ ಮಾಡಿ.

ಮೂರನೆಯದು ಕಡತದ ಚೌಕಟ್ಟು. ಮೇಲ್ಭಾಗದ ‘ಟಿಇಐ ಹೆಡರ್’ ಒಳಗೆ ಶೀರ್ಷಿಕೆಯ ವಿವರ, ಪ್ರಕಟಣೆಯ ವಿವರ, ಮೂಲದ ವಿವರ, ಈ ಮೂರೂ ಇದೇ ಕ್ರಮದಲ್ಲಿ ಇರಲೇಬೇಕು. ಟಿಇಐ ನೇಮ್‌ಸ್ಪೇಸ್ ಘೋಷಣೆಯನ್ನು, ಅಂದರೆ ಈ ಟ್ಯಾಗುಗಳು ಟಿಇಐ ಪದ್ಧತಿಗೆ ಸೇರಿದವು ಎಂದು ತಿಳಿಸುವ ಸಾಲನ್ನು ಮರೆತರೆ ಕಡತದ ಮೊದಲ ಟ್ಯಾಗೇ ಅಪರಿಚಿತವಾಗುತ್ತದೆ. ಕಡತದ ಮೊದಲ ಸಾಲಿನಲ್ಲಿರುವ ಎಕ್ಸ್‌ಎಂಎಲ್ ಘೋಷಣೆಗೆ ಮುಂಚೆ ಒಂದು ಖಾಲಿ ಜಾಗವೂ ಇರಕೂಡದು. ಮಾದರಿ ಕಡತವೊಂದನ್ನು ನಕಲು ಮಾಡಿಕೊಂಡರೆ ಈ ಹಂತ ಐದು ನಿಮಿಷದ ಕೆಲಸ.

ಇನ್ನು ಪಾಠಕ್ಕೆ ಗುರುತು ಹಾಕುವುದು. ಕಲ್ಲಿನ ಮೇಲಿನ ಪ್ರತಿ ಸಾಲಿನ ಆರಂಭದಲ್ಲಿ ‘ಎಲ್‌ಬಿ’ ಎಂಬ ಟ್ಯಾಗನ್ನು ಇಡುತ್ತೇವೆ. ಇದು ಮೈಲಿಗಲ್ಲಿನಂತೆ: ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಖಾಲಿ ಟ್ಯಾಗು, ಸಾಲನ್ನು ಸುತ್ತುವರಿಯುವ ಆವರಣ ಅಲ್ಲ. ಹತ್ತರಲ್ಲಿ ಏಳೆಂಟು ಮಂದಿ ಇದನ್ನು ತೆರೆದು, ಸಾಲನ್ನು ಬರೆದು, ಮುಚ್ಚುವುದನ್ನು ಮರೆಯುತ್ತಾರೆ. ಪದವೊಂದು ಸಾಲಿನ ಕೊನೆಯಲ್ಲಿ ತುಂಡಾಗಿ ಮುಂದಿನ ಸಾಲಿಗೆ ಹರಿದಿದ್ದರೆ, ಉದಾಹರಣೆಗೆ ಮೂರನೆಯ ಸಾಲು ‘ಗಾ’ ಎಂದು ಮುಗಿದು ನಾಲ್ಕನೆಯದು ‘ವುಂಡ’ ಎಂದು ಶುರುವಾಗಿದ್ದರೆ, ನಾಲ್ಕನೆಯ ಸಾಲಿನ ಟ್ಯಾಗಿಗೆ ‘ಬ್ರೇಕ್’ ಎಂಬ ಗುಣವನ್ನು ‘ನೋ’ ಎಂಬ ಬೆಲೆಯೊಂದಿಗೆ ಸೇರಿಸಬೇಕು. ಟ್ಯಾಗಿನ ಹಿಂದೆ ಮುಂದೆ ಜಾಗ ಬಿಡಬಾರದು. ಇದೇ ಕಾರಣಕ್ಕೆ ‘ಪ್ರೆಟಿ ಪ್ರಿಂಟ್’ ಎಂಬ ಅಂದಗೊಳಿಸುವ ಆಜ್ಞೆಯನ್ನು ಶಾಸನದ ಕಡತದ ಮೇಲೆ ಪ್ರಯೋಗಿಸಬೇಡಿ. ಪಠ್ಯ ಮತ್ತು ಟ್ಯಾಗುಗಳು ಬೆರೆತಿರುವಲ್ಲಿ ಅದು ಎಲ್ಲಿ ಜಾಗ ತುಂಬುತ್ತದೆ ಎಂಬುದು ಉಪಕರಣದಿಂದ ಉಪಕರಣಕ್ಕೆ ಬೇರೆ, ಒಂದು ಖಾಲಿ ಜಾಗ ಬಿದ್ದರೂ ‘ಗಾವುಂಡ’ ಎರಡು ಪದವಾಗುತ್ತಾನೆ.

ಅಳಿದ ಅಕ್ಷರಗಳಿಗೆ ‘ಗ್ಯಾಪ್’, ಸಂಪಾದಕರು ತುಂಬಿಕೊಟ್ಟ ಅಕ್ಷರಗಳಿಗೆ ‘ಸಪ್ಲೈಡ್’. ಕಾರಣ ತಿಳಿಸುವ ಜಾಗದಲ್ಲಿ ಎಪಿಡಾಕ್ ನಿಗದಿಪಡಿಸಿದ ಪದಗಳನ್ನೇ ಬಳಸಬೇಕು. ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸವನ್ನೂ ಎಕ್ಸ್‌ಎಂಎಲ್ ಗಣಿಸುತ್ತದೆ: ವ್ಯಕ್ತಿನಾಮಕ್ಕೆ ಬಳಸುವ ‘ಪರ್ಸ್‌ನೇಮ್’ ಟ್ಯಾಗಿನ ನಡುವಿನ ದೊಡ್ಡ ‘ಎನ್’ ಸಣ್ಣದಾದರೆ ಪರಿಶೀಲಕಕ್ಕೆ ಅದು ಬೇರೆಯೇ ಟ್ಯಾಗು.

ಈಗ ಪರಿಶೀಲನೆ. ಇಲ್ಲಿ ನಿಧಾನಿಸಬೇಕು, ಏಕೆಂದರೆ ಇದು ಎರಡು ಬೇರೆ ಬೇರೆ ಪ್ರಶ್ನೆಗಳು. ಎರಡನ್ನೂ ಕಲಸಿಕೊಂಡವರು ದಾರಿ ತಪ್ಪುತ್ತಾರೆ. ಕಡತ ಸುಸಂಬದ್ಧವಾಗಿದೆಯೇ, ಅಂದರೆ ತೆರೆದ ಟ್ಯಾಗೆಲ್ಲ ಸರಿಯಾದ ಕ್ರಮದಲ್ಲಿ ಮುಚ್ಚಿದೆಯೇ ಎಂಬುದು ಮೊದಲನೆಯದು. ಕಡತ ಸಿಂಧುವೇ, ಅಂದರೆ ಎಪಿಡಾಕ್‌ನ ನಿಯಮಾವಳಿ ಎಲ್ಲಿ ಏನನ್ನು ಇರಗೊಡುತ್ತದೋ ಅಲ್ಲಿ ಅದೇ ಇದೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ‘ಹೌದು’ ಸಿಗುವವರೆಗೆ ಎರಡನೆಯದನ್ನು ಕೇಳಲೇಬಾರದು. ಕಾಪಿ ಎಡಿಟರಿನ ಎಕ್ಸ್‌ಎಂಎಲ್ ಮೆನುವಿನಲ್ಲಿ ಇವೆರಡಕ್ಕೂ ಪ್ರತ್ಯೇಕ ಆಜ್ಞೆಗಳಿವೆ.

ಸುಸಂಬದ್ಧತೆಯ ದೋಷವನ್ನು ಓದುವಾಗ ನೆನಪಿಡಬೇಕಾದದ್ದು: ಸೂಚನೆಯಲ್ಲಿರುವ ಸಾಲುಸಂಖ್ಯೆ ತಪ್ಪು ಪತ್ತೆಯಾದ ಜಾಗ, ಅದು ನಡೆದ ಜಾಗ ಹೆಚ್ಚಾಗಿ ಅದಕ್ಕಿಂತ ಮೇಲೆ ಇರುತ್ತದೆ. 41ನೆಯ ಸಾಲಿನಲ್ಲಿ ವ್ಯಕ್ತಿನಾಮದ ಟ್ಯಾಗನ್ನು ಮುಚ್ಚಲು ಮರೆತಿದ್ದೀರಿ ಎನ್ನೋಣ. 97ನೆಯ ಸಾಲಿನಲ್ಲಿ ಇಡೀ ಪರಿಚ್ಛೇದ ಮುಚ್ಚುವವರೆಗೆ ಪರಿಶೀಲಕಕ್ಕೆ ಅನುಮಾನವೇ ಬರುವುದಿಲ್ಲ; ಅಲ್ಲಿ ‘ಟ್ಯಾಗ್ ಹೊಂದುತ್ತಿಲ್ಲ’ ಎನ್ನುತ್ತದೆ. ವಿದ್ಯಾರ್ಥಿ 97ನೆಯ ಸಾಲನ್ನು ನೋಡುತ್ತಾನೆ, ಅಲ್ಲಿ ಎಲ್ಲವೂ ಸರಿಯಾಗಿಯೇ ಇದೆ, ಆದರೂ ಏನನ್ನಾದರೂ ಬದಲಿಸುತ್ತಾನೆ, ಒಂದು ತಪ್ಪು ಎರಡಾಗುತ್ತದೆ. ‘ಎಕ್ಸ್‌ಎಂಎಲ್ ಲಿಂಟ್’ ಎಂಬ ಆಜ್ಞಾಸಾಲಿನ ಉಪಕರಣ ಇಂಥಲ್ಲಿ ಹೆಚ್ಚು ಉಪಕಾರಿ. ಅದು ಟ್ಯಾಗು ತೆರೆದ ಸಾಲಿನ ಸಂಖ್ಯೆಯನ್ನೂ ಅದೇ ವಾಕ್ಯದಲ್ಲಿ ಹೇಳುತ್ತದೆ, ಕೊನೆಯವರೆಗೆ ಓದುವ ತಾಳ್ಮೆ ಬೇಕಷ್ಟೆ. ಮೊದಲ ದೋಷವೊಂದನ್ನೇ ಸರಿಪಡಿಸಿ, ಉಳಿಸಿ, ಮತ್ತೆ ಪರಿಶೀಲಿಸಿ. ಉಳಿದ ಹತ್ತು ಸೂಚನೆಗಳು ಬಹುಮಟ್ಟಿಗೆ ಆ ಮೊದಲನೆಯದರ ನೆರಳುಗಳೇ ಆಗಿರುತ್ತವೆ.

ಸಿಂಧುತ್ವದ ದೋಷಗಳನ್ನು ಓದುವ ಬಗೆ ಬೇರೆ. ಎಪಿಡಾಕ್‌ನ ನಿಯಮಾವಳಿ ‘ರಿಲ್ಯಾಕ್ಸ್ ಎನ್‌ಜಿ’ ಎಂಬ ಭಾಷೆಯಲ್ಲಿದೆ. ಅದನ್ನು ಯೋಜನೆಯ ತಾಣದಿಂದ ಇಳಿಸಿ, ನಿಮ್ಮ ಕಡತಗಳಿರುವ ಫೋಲ್ಡರಿನಲ್ಲೇ ಇಟ್ಟುಕೊಂಡು, ಪರಿಶೀಲನೆಯ ಮೆನುವಿನಲ್ಲಿ ಅದನ್ನು ಆರಿಸಿ. ಒಳಗಿನ ಒಂದು ಟ್ಯಾಗು ತಪ್ಪಿದರೆ ಅದನ್ನು ಹೊತ್ತ ಪರಿಚ್ಛೇದ, ಅದನ್ನು ಹೊತ್ತ ವಿಭಾಗ, ಅದರ ಮೇಲಿನ ಪಠ್ಯಭಾಗ, ಕೊನೆಗೆ ಇಡೀ ಕಡತ, ಎಲ್ಲವೂ ‘ನಿಯಮಕ್ಕೆ ಹೊಂದುತ್ತಿಲ್ಲ’ ಎಂದು ಸಾಲಾಗಿ ವರದಿಯಾಗಬಹುದು. ಇವುಗಳಲ್ಲಿ ಅತ್ಯಂತ ಒಳಗಿನ ಟ್ಯಾಗನ್ನು ಹೆಸರಿಸುವ ಸೂಚನೆಯನ್ನು ಹುಡುಕಿ. ತಪ್ಪು ಇರುವುದು ಅಲ್ಲಿಯೇ. ಕೆಲವೊಮ್ಮೆ ಪಾಠದೊಳಗಿನ ತಪ್ಪಿಗೆ ಹೆಡರಿನತ್ತ ಬೆರಳು ತೋರುವುದೂ ಉಂಟು. ಆಗ ‘ಜಿಂಗ್’ ಎಂಬ ಇನ್ನೊಂದು ಮುಕ್ತ ಪರಿಶೀಲಕದ ಅಭಿಪ್ರಾಯ ಕೇಳಿ. ರಿಲ್ಯಾಕ್ಸ್ ಎನ್‌ಜಿ ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಜೇಮ್ಸ್ ಕ್ಲಾರ್ಕ್ ಅವರೇ ಬರೆದದ್ದು ಅದು. ಈ ಜಾಗದಲ್ಲಿ ಯಾವ ಟ್ಯಾಗನ್ನು ನಿರೀಕ್ಷಿಸಿದ್ದೆ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ನಡೆಸಲು ಜಾವಾ ಎಂಬ ಇನ್ನೊಂದು ತಂತ್ರಾಂಶ ಬೇಕಾಗುತ್ತದೆ ಎಂಬುದೊಂದೇ ತೊಡಕು. ಇಷ್ಟಾದರೂ ತಪ್ಪು ಸಿಗದಿದ್ದರೆ ಕಡತದ ಒಂದು ಪ್ರತಿ ಮಾಡಿಕೊಂಡು, ಪಾಠದ ಅರ್ಧವನ್ನು ಅಳಿಸಿ ಪರಿಶೀಲಿಸಿ. ದೋಷ ಉಳಿದರೆ ಅದು ಉಳಿದ ಅರ್ಧದಲ್ಲಿದೆ, ಹೋದರೆ ಅಳಿಸಿದ ಅರ್ಧದಲ್ಲಿತ್ತು. ಸಾವಿರ ಸಾಲಿನ ಕಡತವಾದರೂ ಹತ್ತು ಸುತ್ತಿನಲ್ಲಿ ತಪ್ಪಿನ ಸಾಲಿಗೆ ಬಂದು ಮುಟ್ಟುತ್ತೀರಿ.

ಸುಲಭವೆಂದು ಜಾಲತಾಣದ ಪರಿಶೀಲಕಗಳಿಗೆ ಪಾಠವನ್ನು ಅಂಟಿಸುವವರಿದ್ದಾರೆ. ಅಪ್ರಕಟಿತ ಶಾಸನದ ಓದನ್ನು ಅಪರಿಚಿತರ ಸರ್ವರಿಗೆ ಕಳಿಸುವುದು ಆ ಶಾಸನವನ್ನು ಹುಡುಕಿದವರಿಗೆ ಮಾಡುವ ಅನ್ಯಾಯ. ನಿಮ್ಮ ಯಂತ್ರದಲ್ಲೇ ಉಪಕರಣ ಇರುವಾಗ ಅದರ ಅಗತ್ಯವೂ ಇಲ್ಲ.

ಕೊನೆಯ ಹಂತ ಉಪಕರಣವನ್ನು ಉಳಿಸಿಕೊಳ್ಳುವುದು. ಲಿಂಟ್ ಉಪಕರಣವೂ ಕಾಪಿ ಎಡಿಟರಿನ ರಿಲ್ಯಾಕ್ಸ್ ಎನ್‌ಜಿ ಪರಿಶೀಲನೆಯೂ ನಿಂತಿರುವುದು ‘ಲಿಬ್‌ಎಕ್ಸ್‌ಎಂಎಲ್2’ ಎಂಬ ಗ್ರಂಥಾಲಯದ ಮೇಲೆ, ಅಂದರೆ ಬೇರೆ ತಂತ್ರಾಂಶಗಳು ಎರವಲು ಪಡೆಯುವ ಸಿದ್ಧ ಸಂಕೇತಗಳ ಕಟ್ಟಿನ ಮೇಲೆ. ಡೇನಿಯಲ್ ವೆಯ್ಲಾರ್ ಲಿನಕ್ಸ್ ಪರದೆಯ ವ್ಯವಸ್ಥೆ ಒದಗಿಸುವ ಗ್ನೋಮ್ ಯೋಜನೆಗಾಗಿ ಕಟ್ಟಿದ ಇದನ್ನು ಜಗತ್ತಿನ ಅಸಂಖ್ಯ ತಂತ್ರಾಂಶಗಳು ಬಳಸುತ್ತವೆ. ಅದನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ನಿಕ್ ವೆಲ್ನ್‌ಹೋಫರ್ 2025ರ ಜೂನ್‌ನಲ್ಲಿ, ಭದ್ರತಾ ದೋಷಗಳ ವರದಿಗಳನ್ನು ಇನ್ನು ಮುಂದೆ ಗುಟ್ಟಾಗಿ ಇಟ್ಟುಕೊಂಡು ಗಡುವಿನೊಳಗೆ ನಿಭಾಯಿಸುವುದಿಲ್ಲ, ಅವೂ ಬೇರೆ ದೋಷಗಳಂತೆಯೇ ಎಂದು ತಿಳಿಸಿದರು. ಸಂಬಳವಿಲ್ಲದ ಸ್ವಯಂಸೇವಕನಿಗೆ ವಾರವಾರವೂ ಗಂಟೆಗಟ್ಟಲೆ ಬೇಡುವ ಈ ಹೊರೆ ಹೊರಲಾಗದು ಎಂಬುದು ಅವರು ಕೊಟ್ಟ ಕಾರಣ. ಅದು ನ್ಯಾಯವಾದದ್ದೇ ಎಂದು ನಾನು ನಂಬುತ್ತೇನೆ.

ಆದ್ದರಿಂದ ಉಪಕರಣದಲ್ಲಿ ದೋಷ ಕಂಡಾಗ ಅದನ್ನು ನೋಡಿಕೊಳ್ಳುವವರಿಗೆ ‘ಕೆಲಸ ಮಾಡುತ್ತಿಲ್ಲ’ ಎಂದು ಒಂದು ಸಾಲು ಬರೆದು ಕಳಿಸಬೇಡಿ. ತಪ್ಪು ನಿಮ್ಮ ಕಡತದ್ದಲ್ಲ, ಉಪಕರಣದ್ದೇ ಎಂಬುದನ್ನು ಇನ್ನೊಂದು ಪರಿಶೀಲಕದಿಂದ ಮೊದಲು ಖಚಿತಪಡಿಸಿಕೊಳ್ಳಿ. ಅದೇ ದೋಷ ಈಗಾಗಲೇ ವರದಿಯಾಗಿದೆಯೇ ನೋಡಿ. ಆಮೇಲೆ ಮೇಲೆ ಹೇಳಿದ ಅರ್ಧಕ್ಕೆ ಅರ್ಧ ಅಳಿಸುವ ಉಪಾಯದಿಂದಲೇ ಕಡತವನ್ನು ಹತ್ತು ಸಾಲಿಗೆ ಇಳಿಸಿ, ಉಪಕರಣದ ಆವೃತ್ತಿ, ನಿಮ್ಮ ಆಪರೇಟಿಂಗ್ ಸಿಸ್ಟಂ, ನೀವು ಒತ್ತಿದ ಗುಂಡಿಗಳ ಕ್ರಮ, ನಿರೀಕ್ಷಿಸಿದ್ದು ಮತ್ತು ಆದದ್ದು, ಇವಿಷ್ಟನ್ನು ಬರೆಯಿರಿ. ದೋಷ ಕನ್ನಡ ಅಕ್ಷರಗಳಿಗೆ ಸಂಬಂಧಿಸಿದ್ದಾದರೆ ಆ ಅಕ್ಷರಗಳ ಯೂನಿಕೋಡ್ ಸಂಖ್ಯೆಗಳನ್ನೂ ಕೊಡಿ. ಓದುವವರಿಗೆ ಕನ್ನಡ ಬರಲಾರದು, ಪರದೆಯ ಚಿತ್ರದಿಂದ ಅವರಿಗೆ ಏನೂ ತಿಳಿಯದು. ಚಿತ್ರದ ಬದಲು ಆ ಹತ್ತು ಸಾಲಿನ ಕಡತವನ್ನೇ ಜಿಪ್ ಮಾಡಿ ಲಗತ್ತಿಸಿ, ಇಲ್ಲವಾದರೆ ಕಣ್ಣಿಗೆ ಕಾಣದ ಆ ಅಕ್ಷರ ದಾರಿಯಲ್ಲೇ ಕಳೆದುಹೋಗಬಹುದು.