ಮಣಿ ಸರಿಸುತ್ತಾ ಎಣಿಸಿದ್ದು: ಕ್ರೌಲಿಯ ‘ಮ್ಯಾಜಿಕ್’ ಜೊತೆ ಹನ್ನೊಂದು ತಿಂಗಳು

‘ಬೆಳಿಗ್ಗೆ 5.40. ಮಳೆ. ರಾತ್ರಿ ನಿದ್ದೆ ಸರಿ ಇಲ್ಲ. ಕುರ್ಚಿಯಲ್ಲಿ ಕೂತದ್ದು 10 ನಿಮಿಷ. ಎಡಗಾಲು ಜೋಮು ಹಿಡಿಯಿತು.’

ನನ್ನ ಹಸಿರು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇರುವುದು ಇಷ್ಟೇ. ಇಂಥ ಮೂರು ನೋಟ್‌ಬುಕ್ ಈಗ ಕಪಾಟಿನಲ್ಲಿವೆ. ನನ್ನ ಊರು ಗದಗ. ಕೆಲಸ ಲಂಡನ್ನಿನ ಒಂದು ಲ್ಯಾಬಿನಲ್ಲಿ. ಹನ್ನೊಂದು ತಿಂಗಳು ಅಲೈಸ್ಟರ್ ಕ್ರೌಲಿ ಅನ್ನುವ ಇಂಗ್ಲಿಷ್ ಮಾಂತ್ರಿಕನ ‘ಮ್ಯಾಜಿಕ್’ ಪುಸ್ತಕ ಮುಂದಿಟ್ಟುಕೊಂಡು, ಅದರಲ್ಲಿರುವ ಧ್ಯಾನ, ವಿಧಿಗಳ ಅಭ್ಯಾಸ ಮಾಡಿದೆ. ಏನು ಮಾಡಿದೆ, ಯಾವುದನ್ನು ಬಿಟ್ಟೆ, ಯಾವುದನ್ನು ಮುಟ್ಟಲೇ ಇಲ್ಲ ಅನ್ನುವುದನ್ನು ಬರೆಯುತ್ತಿದ್ದೇನೆ.

ಪುಸ್ತಕ ಸಿಕ್ಕಿದ್ದು ಬ್ರಿಟಿಷ್ ಮ್ಯೂಸಿಯಂ ಎದುರಿನ ಮ್ಯೂಸಿಯಂ ಸ್ಟ್ರೀಟಿನಲ್ಲಿ. ಅಲ್ಲಿ ಅಟ್ಲಾಂಟಿಸ್ ಅಂತ ಒಂದು ಪುಸ್ತಕದಂಗಡಿ ಇದೆ, 1922ರಲ್ಲಿ ಶುರುವಾದದ್ದು. ಮಳೆ ನಿಲ್ಲಲಿ ಅಂತ ಒಳಗೆ ಹೋದವಳು ಎಂಟುನೂರು ಪುಟ ದಾಟಿದ ದಪ್ಪ ಪುಸ್ತಕ ಹೊತ್ತು ಹೊರಗೆ ಬಂದೆ. ಫೋನಿನಲ್ಲಿ ಅವ್ವನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: “ಮಾಟಗೀಟದ್ದು ಏನೂ ಅಲ್ಲಲ್ಲವಾ?” ನ್ಯಾಯವಾದ ಪ್ರಶ್ನೆ. ಕ್ರೌಲಿಯ ಹೆಸರು ಹೇಳಿದರೆ ಇಂಗ್ಲೆಂಡಿನಲ್ಲೂ ಜನ ಇವತ್ತಿಗೂ ಹುಬ್ಬೇರಿಸುತ್ತಾರೆ. 1923ರಲ್ಲಿ ಇಲ್ಲಿನ ‘ಜಾನ್ ಬುಲ್’ ಪತ್ರಿಕೆ ಅವನನ್ನು ಲೋಕದ ಅತಿ ದುಷ್ಟ ಮನುಷ್ಯ ಅಂತ ಕರೆದಿತ್ತು. ಅದೇ ವರ್ಷ ಸಿಸಿಲಿಯ ಚೆಫಲೂ ಊರಿನಲ್ಲಿದ್ದ ಅವನ ಆಶ್ರಮದಲ್ಲಿ ಒಬ್ಬ ಯುವಕ ಕಾಯಿಲೆಯಿಂದ ತೀರಿಕೊಂಡ. ಆಮೇಲೆ ಮುಸೊಲಿನಿ ಸರ್ಕಾರ ಕ್ರೌಲಿಯನ್ನು ದೇಶದಿಂದ ಹೊರಗೆ ಹಾಕಿತು.

ಪುಸ್ತಕದ ಅತಿ ವಿವಾದದ ಭಾಗ 1929–30ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ವೇದಿಕೆಯ ಮೇಲೆ ಕೈಚಳಕ ತೋರಿಸುವ ಜಾದೂ ಬೇರೆ, ಇದು ಬೇರೆ ಅನ್ನುವುದಕ್ಕೆ ಅವನು ಇಂಗ್ಲಿಷಿನ ‘ಮ್ಯಾಜಿಕ್’ ಪದದ ಕೊನೆಗೆ ಒಂದು ‘ಕೆ’ ಸೇರಿಸಿದ. ಇಚ್ಛೆಗೆ ತಕ್ಕಂತೆ ಬದಲಾವಣೆ ತರುವ ವಿಜ್ಞಾನ ಮತ್ತು ಕಲೆ ಅಂತ ಅರ್ಥ ಹೇಳಿದ. ಬೇಕೆಂದು ಮಾಡಿದ ಪ್ರತಿ ಕೆಲಸವೂ ಮ್ಯಾಜಿಕ್ಕೇ ಅಂತಲೂ ಸೇರಿಸಿದ. ಇದು ಎಲ್ಲರಿಗಾಗಿ ಬರೆದ ಪುಸ್ತಕ ಅಂತ ಮುನ್ನುಡಿಯಲ್ಲಿ ಒಂದು ಪಟ್ಟಿಯನ್ನೇ ಕೊಡುತ್ತಾನೆ. ಬ್ಯಾಂಕಿನವನು, ಜೀವವಿಜ್ಞಾನಿ, ದಿನಸಿ ಅಂಗಡಿಯವನು, ಕಾರ್ಖಾನೆಯ ಹುಡುಗಿ ಎಲ್ಲರೂ ಅದರಲ್ಲಿದ್ದಾರೆ. ಆದರೆ ಎಲ್ಲರಿಗೂ ಅರ್ಥವಾಗುವ ಹಾಗೆ ಬರೆದಿಲ್ಲ. ಹೀಬ್ರೂ, ಗ್ರೀಕ್, ಈಜಿಪ್ಟಿನ ದೇವತೆಗಳು, ಸಂಖ್ಯೆಗಳ ಲೆಕ್ಕ ಎಲ್ಲ ಕಲಸಿಕೊಂಡಿದೆ. ಮೊದಲ ತಿಂಗಳು ನಾನು ಓದಿ ಮುಗಿಸಿದ್ದು ನಲವತ್ತು ಪುಟ.

ಹಾಗಿದ್ದರೂ ಕೈಬಿಡದೆ ಇದ್ದದ್ದು ಅನುಬಂಧದ ಒಂದು ಪುಟ್ಟ ಬರಹದಿಂದ. ‘ಲೀಬರ್ ಇ’ ಅಂತ ಅದರ ಹೆಸರು. ಮೊದಲ ಸೂಚನೆಯೇ ದಾಖಲೆ ಬಗ್ಗೆ. ಪ್ರತಿ ಪ್ರಯೋಗವನ್ನೂ ಮಾಡುವಾಗಲೇ ಅಥವಾ ಮಾಡಿದ ಕೂಡಲೇ ಬರೆಯಬೇಕು. ಸಮಯ, ಜಾಗ, ಹವೆ, ಮೈಯ ಸ್ಥಿತಿ, ಮನಸ್ಸಿನ ಸ್ಥಿತಿ ಎಲ್ಲವೂ ಬೇಕು. ನಿಮ್ಮ ಬುದ್ಧಿಯನ್ನೇ ಬಳಸಿ, ಎಷ್ಟೇ ದೊಡ್ಡವರಾಗಲಿ ಬೇರೆಯವರನ್ನು ನೆಚ್ಚಬೇಡಿ, ನಮ್ಮ ಸಂಘದವರನ್ನೂ ಕೂಡ ಅನ್ನುತ್ತದೆ ಅದು. ದಿನವಿಡೀ ಲ್ಯಾಬ್ ನೋಟ್‌ಬುಕ್ ಬರೆಯುವ ನನಗೆ ಇದು ಗೊತ್ತಿರುವ ಭಾಷೆ. ನಂಬು ಅಂತ ಹೇಳುವ ಪುಸ್ತಕಗಳನ್ನು ತುಂಬಾ ನೋಡಿದ್ದೇನೆ. ಬರೆದಿಡು, ಆಮೇಲೆ ನೋಡೋಣ ಅಂತ ಹೇಳಿದ್ದು ಇದೊಂದೇ.

ಶುರು ಮಾಡಿದ್ದು ಆಸನದಿಂದ. ಕ್ರೌಲಿಗೆ ಯೋಗ ಸಿಕ್ಕಿದ್ದು ನಮ್ಮ ಕಡೆಯಿಂದಲೇ. 1901ರಲ್ಲಿ ಸಿಲೋನಿನ ಕ್ಯಾಂಡಿಯಲ್ಲಿ ಗೆಳೆಯ ಅಲನ್ ಬೆನೆಟ್ ಜೊತೆ ಕೂತು ಕಲಿತ. ವಿವೇಕಾನಂದರ ‘ರಾಜಯೋಗ’ವನ್ನು ಓದಲೇಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಇಟ್ಟಿದ್ದಾನೆ. ಅವನು ಹೇಳುವ ಒಂದು ಭಂಗಿಯಲ್ಲಿ ಸುಮ್ನೆ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಮೊಣಕಾಲು ಜೋಡಿಸಿ, ಅವುಗಳ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ ಕೂರಬೇಕು. ನಾನು ಆರಿಸಿದ್ದು ಅದನ್ನೇ. ಸುಲಭ ಅನಿಸಿತು. ಏಳನೇ ನಿಮಿಷಕ್ಕೆ ಕುತ್ತಿಗೆ ಉರಿಯಿತು, ಒಂಬತ್ತಕ್ಕೆ ಕಣ್ಣಲ್ಲಿ ನೀರು ಬಂತು. ತಲೆಯ ಮೇಲೆ ತುಂಬಿದ ತಟ್ಟೆಯ ನೀರು ಒಂದು ಗಂಟೆ ಒಂದು ಹನಿಯೂ ಚೆಲ್ಲದಿದ್ದರೆ ಆಸನ ಸಿದ್ಧಿಸಿದ ಹಾಗೆ ಅನ್ನುತ್ತದೆ ಪುಸ್ತಕ. ನಾನು ಟೀ ಸಾಸರ್ ಇಟ್ಟುಕೊಂಡೆ. ಮೊದಲ ದಿನ ಆರು ನಿಮಿಷಕ್ಕೆ ಕಾರ್ಪೆಟ್ ಒದ್ದೆಯಾಯಿತು. ಹನ್ನೊಂದು ತಿಂಗಳಲ್ಲಿ ಜಾಸ್ತಿ ಅಂದರೆ 34 ನಿಮಿಷ. ಒಂದು ಗಂಟೆ ಒಮ್ಮೆಯೂ ಆಗಲಿಲ್ಲ. ಸಾಸರ್ ಇಡುವ ಮೊದಲು ನಾನು ಅಲುಗಾಡದೆ ಕೂರುತ್ತೇನೆ ಅಂದುಕೊಂಡಿದ್ದೆ. ಒಂದೊಂದು ಉಸಿರಿಗೂ ತಲೆ ಎಷ್ಟು ಆಡುತ್ತದೆ ಅನ್ನುವುದನ್ನು ತೋರಿಸಿದ್ದು ಆ ನೀರು.

ಎರಡನೆಯದು ಸೂರ್ಯನಿಗೆ ನಮಸ್ಕಾರ. ದಿನಕ್ಕೆ ನಾಲ್ಕು ಸಲ. ಬೆಳಗಿಗೆ ಪೂರ್ವಕ್ಕೆ ತಿರುಗಿ ರಾ, ಮಧ್ಯಾಹ್ನ ದಕ್ಷಿಣಕ್ಕೆ ಅಹತೂರ್, ಸಂಜೆ ಪಶ್ಚಿಮಕ್ಕೆ ತುಮ್, ನಡುರಾತ್ರಿ ಉತ್ತರಕ್ಕೆ ಖೆಫ್ರಾ. ಎಲ್ಲ ಈಜಿಪ್ಟಿನ ದೇವತೆಗಳ ಹೆಸರುಗಳು. ಗದಗಿನಲ್ಲಾದರೆ ವರ್ಷವಿಡೀ ಹೊತ್ತು ಹುಟ್ಟುವ, ಮುಳುಗುವ ಸಮಯ ಅಷ್ಟೇನೂ ಹಿಂದುಮುಂದಾಗುವುದಿಲ್ಲ. ಲಂಡನ್ನಿನಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಜೂನಿನಲ್ಲಿ ರಾತ್ರಿ ಒಂಬತ್ತು ದಾಟುತ್ತದೆ, ಮತ್ತೆ ಬೆಳಗಿನ ಐದಕ್ಕೂ ಮೊದಲೇ ಹುಟ್ಟುತ್ತಾನೆ. ಚಳಿಗಾಲದಲ್ಲಿ ಎರಡು ನಮಸ್ಕಾರ ಲ್ಯಾಬಿನ ಮೆಟ್ಟಿಲ ಕಿಟಕಿಯ ಬಳಿ, ಒಂದೊಂದು ನಿಮಿಷ. ಎಷ್ಟೋ ವರ್ಷ ಈ ಊರಿನ ಚಳಿಗಾಲವನ್ನು ಬರೀ ಕತ್ತಲು ಅಂತ ಬೈದುಕೊಂಡೇ ಕಳೆದಿದ್ದೆ. ಡಿಸೆಂಬರ್ ಕೊನೆಗೆ ಸಂಜೆ ಒಂದೊಂದೇ ನಿಮಿಷ ಮುಂದೆ ಹೋಗುವುದನ್ನು ನನ್ನ ಅಕ್ಷರದಲ್ಲೇ ಬರೆದು ನೋಡಿದಾಗ ಏನೋ ಒಂದು ಗಂಟು ಸಡಿಲವಾಯಿತು. ಇದನ್ನು ಈಗಲೂ ಬಿಟ್ಟಿಲ್ಲ. ಆದರೆ ಈಜಿಪ್ಟಿನ ಹೆಸರು ಬಿಟ್ಟು ಸುಮ್ನೆ ಕೈ ಮುಗಿಯುತ್ತೇನೆ.

ಪಂಚಕೋನದ ನಕ್ಷತ್ರ ಬರೆದು ನಾಲ್ಕು ದಿಕ್ಕು ಕಟ್ಟುವ ವಿಧಿಯನ್ನು ಎರಡು ತಿಂಗಳು ಮಾಡಿ ಬಿಟ್ಟೆ. ನಮ್ಮಲ್ಲಿ ದಿಗ್ಬಂಧನ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಮುಂದೆ ರಾಫೇಲ್, ಹಿಂದೆ ಗೇಬ್ರಿಯಲ್, ಬಲಕ್ಕೆ ಮೈಕೇಲ್, ಎಡಕ್ಕೆ ಔರಿಯಲ್, ನಾಲ್ವರೂ ದೇವದೂತರು. ದೇವರ ಹೆಸರನ್ನು ಎದೆ ನಡುಗುವ ಹಾಗೆ ಉಚ್ಚರಿಸಬೇಕು. ಮನಸ್ಸು ಸ್ವಲ್ಪ ಹಗುರಾಗುತ್ತಿತ್ತು ನಿಜ. ಆದರೆ ಆ ಹೆಸರುಗಳ ಜೊತೆ ನಾನು ಬೆಳೆದಿಲ್ಲ. ಬಾಯಿಗೆ ಬಂದವು, ಎದೆಗೆ ಇಳಿಯಲಿಲ್ಲ.

ಈಗ ಮುಟ್ಟದೆ ಬಿಟ್ಟದ್ದರ ಮಾತು. ಹನ್ನೆರಡನೇ ಅಧ್ಯಾಯ ರಕ್ತಬಲಿಯ ಬಗ್ಗೆ. ಅದರಲ್ಲಿ ಮಗುವಿನ ಬಲಿಯ ಬಗ್ಗೆ ಒಂದು ವಾಕ್ಯವಿದೆ. ತಾನೇ ವರ್ಷಕ್ಕೆ ಸುಮಾರು 150 ಸಲ ಮಾಡಿದ್ದೇನೆ ಅನ್ನುವ ಅಡಿಟಿಪ್ಪಣಿಯೂ ಇದೆ. ಅದು ಲೈಂಗಿಕ ಕ್ರಿಯೆಯ ಗುಟ್ಟಿನ ಮಾತು, ಕೊಲೆಯದಲ್ಲ ಅಂತ ಅವನನ್ನು ಓದಿಕೊಂಡವರು ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಆದರೂ ಇದನ್ನು ಕ್ಷಮಿಸಲಾರೆ. ನಿಧಿ ಆಸೆಗೆ ಬಲಿ ಕೊಟ್ಟ ಸುದ್ದಿ ಓದುತ್ತಾ ಬೆಳೆದವಳು ನಾನು. ವಾಮಾಚಾರ ತಡೆಯುವುದಕ್ಕೆ ಕರ್ನಾಟಕ 2017ರಲ್ಲಿ ಒಂದು ಕಾಯ್ದೆಯನ್ನೇ ತರಬೇಕಾಯಿತು. ಇಂಥ ಮಾತನ್ನು ಗುಟ್ಟಿಗಾಗಿ ಬಳಸುವವನಿಗೆ ಅದನ್ನು ನೇರವಾಗಿ ಓದಿಕೊಳ್ಳುವವರ ಜವಾಬ್ದಾರಿಯೂ ಇರುತ್ತದೆ, ಅಲ್ವಾ? ಹೆಂಗಸರ ಬಗ್ಗೆ, ಬೇರೆ ಜನಾಂಗದವರ ಬಗ್ಗೆ ಅವನು ಬರೆದ ಎಷ್ಟೋ ಮಾತುಗಳು ಹೇಸಿಗೆ ತರುತ್ತವೆ. 1905ರಲ್ಲಿ ಅವನಿದ್ದ ತಂಡ ಕಾಂಚನಜುಂಗಾ ಪರ್ವತಕ್ಕೆ ಹೋಗಿದ್ದಾಗ ಹಿಮ ಕುಸಿದು ಒಬ್ಬ ಆರೋಹಿ ಮತ್ತು ಮೂವರು ಹೊರೆಯಾಳುಗಳು ಸತ್ತರು. ಕೂಗು ಕೇಳಿದರೂ ಅವನು ಡೇರೆ ಬಿಟ್ಟು ಹೋಗಲಿಲ್ಲ. ಅವನ ಪುಸ್ತಕ ಓದುವವರಿಗೆ ಇದೂ ಗೊತ್ತಿರಬೇಕು.

ಇನ್ನೊಂದು ಅಭ್ಯಾಸ ‘ಲೀಬರ್ ಜುಗೋರಮ್’. ಒಂದು ವಾರ ‘ನಾನು’ ಅನ್ನುವ ಪದ ಆಡಬಾರದು, ಆಡಿದರೆ ಬ್ಲೇಡಿನಿಂದ ತೋಳು ಕೊಯ್ದುಕೊಳ್ಳಬೇಕು ಅನ್ನುತ್ತದೆ. ಆ ಬ್ಲೇಡಿನ ಮಾತನ್ನು ಯಾರೂ ಪಾಲಿಸಬೇಡಿ. ಕೈ ಕೊಯ್ದುಕೊಂಡರೆ ಎಚ್ಚರ ಬರುವುದಿಲ್ಲ, ಗಾಯ ಆಗುತ್ತದೆ ಅಷ್ಟೇ. ನಾನು ತಪ್ಪಿದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಒಂದು ಗೀಟು ಹಾಕಿದೆ.

ಇಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಲ್ಯಾಬಿನಲ್ಲಿ ಇಂಗ್ಲಿಷ್ ಮಾತಾಡುವಾಗ ಮೊದಲ ದಿನ 60 ಗೀಟು ದಾಟಿತು. ಆ ರಾತ್ರಿ ಅವ್ವನ ಜೊತೆ ಅರ್ಧ ಗಂಟೆ ಮಾತಾಡಿದೆ, ಬರೀ ನಾಲ್ಕು ಗೀಟು. ಖುಷಿಯಾಯಿತು. ಆಮೇಲೆ ಹೊಳೆಯಿತು, ಕನ್ನಡದಲ್ಲಿ ‘ನಾನು’ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ಬರ್ತೀನಿ, ಮಾಡ್ತೀನಿ, ಉಂಡೆ, ಮಲಗಿದೆ. ಪದ ಬಿಟ್ಟರೂ ನಾನು ಹೋಗಿರಲಿಲ್ಲ. ಮರುದಿನದಿಂದ ಆ ಬಾಲವನ್ನೂ ಎಣಿಸಿದೆ. ಆಗ ಗೀಟು ಇಂಗ್ಲಿಷಿಗಿಂತ ಜಾಸ್ತಿಯಾಯಿತು. ನನ್ನ ಬಗ್ಗೆ ಬಾಯಿ ಬಿಡುವ ಹಾಗೇ ಇಲ್ಲ, ಉಳಿದದ್ದು ಪ್ರಶ್ನೆ ಕೇಳುವುದು ಮಾತ್ರ. ಮೊಣಕಾಲು ಹ್ಯಾಂಗೈತಿ, ಪಕ್ಕದ ಮನೆಯವರು ಬಂದಿದ್ರೇನು, ಮಳಿ ಆತೇನು. ನಾಲ್ಕನೇ ದಿನ ಅವ್ವ ಅಂದಳು: “ಏನವಾ, ಈ ವಾರ ಬರೇ ನಂದ ಕೇಳಾಕತ್ತೀ. ಛಲೋ ಆತು ಬಿಡು.”

ಕೊನೆಗೆ ಧಾರಣ. ನನ್ನ ಮಟ್ಟಿಗೆ ಪುಸ್ತಕದ ತಿರುಳು ಇದೇ. ಕಣ್ಣು ಮುಚ್ಚಿ ಒಂದು ಸರಳ ಆಕಾರವನ್ನು ಮನಸ್ಸಿನಲ್ಲಿ ಹಿಡಿಯಬೇಕು. ಹಳದಿ ಚೌಕ, ಬೆಳ್ಳಿಯ ಅರ್ಧಚಂದ್ರ, ಕೆಂಪು ತ್ರಿಕೋನ, ನೀಲಿ ಬಿಲ್ಲೆ, ಕಪ್ಪು ಅಂಡ. ಪೃಥ್ವಿ, ಅಪ್ಪು, ತೇಜಸ್ಸು, ವಾಯು, ಆಕಾಶ. ನಮ್ಮ ತತ್ತ್ವಗಳೇ. 1890ರಲ್ಲಿ ರಾಮಪ್ರಸಾದ ಅನ್ನುವವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕದಿಂದ ಇಂಗ್ಲೆಂಡಿನ ಗುಪ್ತಸಂಘಗಳ ಕೈಗೆ ಹೋದವು. 1898ರಲ್ಲಿ ಅಂಥ ಒಂದು ಸಂಘಕ್ಕೆ ಕ್ರೌಲಿಯೂ ಸೇರಿದ. ಸುತ್ತಿ ಬಳಸಿ ಅವು ನನ್ನ ಹತ್ತಿರ ವಾಪಸ್ ಬಂದವು.

ಆಕಾರ ತಪ್ಪಿದಾಗಲೆಲ್ಲ ಎಣಿಸಬೇಕು. ನಾನು ರುದ್ರಾಕ್ಷಿ ಸರ ಹಿಡಿದು, ಮನಸ್ಸು ಜಾರಿದಾಗಲೆಲ್ಲ ಒಂದು ಮಣಿ ಸರಿಸಿದೆ. ಮೊದಲ ದಿನ ಐದು ನಿಮಿಷಕ್ಕೆ 17 ಮಣಿ. ಎರಡು ವಾರದ ಮೇಲೆ 31. ಲ್ಯಾಬಿನಲ್ಲಾಗಿದ್ದರೆ ಪ್ರಯೋಗ ಕೆಟ್ಟಿದೆ ಅನ್ನುತ್ತಿದ್ದೆ. ಆದರೆ ಪುಸ್ತಕ ಇದನ್ನು ಮೊದಲೇ ಹೇಳಿತ್ತು. ಜಾರುವುದು ಹೆಚ್ಚಾಗಿರುವುದಿಲ್ಲ, ಜಾರಿದ್ದನ್ನು ಕಾಣುವ ಕಣ್ಣು ಚುರುಕಾಗಿರುತ್ತದೆ.

ಕಪ್ಪು ಅಂಡ ಹಿಡಿದ ಮೊದಲ ಬೆಳಿಗ್ಗೆಯೇ ಅಜ್ಜಿ ಬಂದಳು. ಗದಗಿನ ಮನೆಯಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಾ ಕೂರುತ್ತಿದ್ದಳು. ಕಪ್ಪಗೆ, ನುಣ್ಣಗೆ, ಅದೇ ಆಕಾರ. ನಾವು ಮಕ್ಕಳು ಸುತ್ತ ಗಲಾಟೆ ಮಾಡಿದರೂ ರೆಪ್ಪೆ ಆಡುತ್ತಿರಲಿಲ್ಲ. ಅಜ್ಜಿ ಬಂದದ್ದಕ್ಕೂ ಒಂದು ಮಣಿ ಸರಿಸಿದೆ. ಆದರೆ ಆ ದಿನದಿಂದ ಹಳದಿ ಚೌಕ, ಕೆಂಪು ತ್ರಿಕೋನ ಎಲ್ಲ ಬಿಟ್ಟೆ. ಕಪ್ಪು ಅಂಡ ಒಂದೇ ಸಾಕಾಯಿತು.

ಜಾರುವಿಕೆಯಲ್ಲೂ ಬಗೆಗಳಿವೆ ಅನ್ನುತ್ತಾನೆ ಕ್ರೌಲಿ. ಮೈಯ ನೋವು-ತುರಿಕೆ ಒಂದು. ಕೂರುವ ಮುಂಚೆ ನಡೆದದ್ದು ಒಂದು. ಹಗಲುಗನಸು ಒಂದು. ‘ಆಹಾ ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ’ ಅನ್ನುವ ಯೋಚನೆ ಇನ್ನೊಂದು. ಎಂಟನೇ ತಿಂಗಳು ನಾನು ದಿನಕ್ಕೆ ಎರಡು ಸಲ ಕೂತು, ಎದ್ದ ಕೂಡಲೇ ನೆನಪಿದ್ದಷ್ಟನ್ನೂ ಬಗೆ ಮಾಡಿ ಬರೆದೆ. ತಿಂಗಳ ಕೊನೆಗೆ ಕೂಡಿಸಿದಾಗ ಒಟ್ಟು 1,212 ಬಂತು. ಅದರಲ್ಲಿ 431 ಸಲ ಬಂದಿದ್ದು ಒಂದೇ ವಿಷಯ, ನನ್ನ ಅಣ್ಣ.

ಅಪ್ಪ ತೀರಿದ ಮೇಲೆ ಅವನು ಗದಗಿನ ಹಳೇ ಮನೆ ಮಾರಿದ್ದ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ನಾನು ಆಡಬಾರದ ಮಾತು ಆಡಿದ್ದೆ. ಮೂರು ವರ್ಷದಿಂದ ಮಾತು ನಿಂತಿತ್ತು. ಅದನ್ನು ಮರೆತಿದ್ದೇನೆ ಅಂತಲೇ ನಂಬಿದ್ದೆ, ಯಾರಾದರೂ ಕೇಳಿದರೆ ಹಾಗೇ ಹೇಳುತ್ತಿದ್ದೆ. ಲೆಕ್ಕ ಬೇರೆ ಹೇಳಿತು. ಲೆಕ್ಕ ಬರೆದದ್ದೂ ನನ್ನದೇ ಕೈ, ಅದರ ಜೊತೆ ವಾದ ಮಾಡುವುದಕ್ಕೆ ಆಗಲಿಲ್ಲ. ಬೇಕೆಂದು ಮಾಡಿದ ಪ್ರತಿ ಕೆಲಸವೂ ಮ್ಯಾಜಿಕ್ ಅನ್ನುವ ಸಾಲು ತೆಗೆದು ಮತ್ತೆ ಓದಿದೆ. ಮೂರು ವಾರ ತಡ ಮಾಡಿದೆ. ಆಮೇಲಿನ ಟಿಪ್ಪಣಿ ಹೀಗಿದೆ:

‘ಭಾನುವಾರ, ಮಧ್ಯಾಹ್ನ 2.10. ಬಿಸಿಲು. ಊಟ ಆಗಿದೆ. ಎದೆ ಹೊಡೆದುಕೊಳ್ಳುತ್ತಿದೆ. ಅಣ್ಣನಿಗೆ ಫೋನ್. ಮೂರನೇ ರಿಂಗಿಗೆ ಎತ್ತಿದ. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಅವನು, “ಉಂಡಿ ಏನವಾ?” 47 ನಿಮಿಷ.’

ಮರುದಿನ ಬೆಳಿಗ್ಗೆ ಕಪ್ಪು ಅಂಡ, ಐದು ನಿಮಿಷ, 19 ಮಣಿ. ಅಣ್ಣ ಎರಡು ಸಲ. ಉಳಿದದ್ದು ಮೊಣಕಾಲು ನೋವು, ಮೇಲಿನ ಮನೆಯ ನಲ್ಲಿಯ ಸದ್ದು, ಮತ್ತೆ ಅಜ್ಜಿ.